ಅಡುಗೆಮನೆಗೆ ಯಾವ ಪೇಂಟ್? ಬಜೆಟ್ ಹಾಕುವ ಮೊದಲು ಒಂದೊಂದು ಗೋಡೆಯನ್ನೂ ನೋಡಿ

ಡಿಸ್ಟೆಂಪರ್ ಸಾಕಾ, ಎಮಲ್ಷನ್ ಬೇಕಾ, ಅಥವಾ ಮೊದಲಿನ ಹಾಗೆ ಆಯಿಲ್ ಪೇಂಟೇ ಹೊಡೆಸಿಬಿಡಬೇಕಾ? ಹಬ್ಬ ಹತ್ತಿರ ಬಂದಾಗ ಅಡುಗೆಮನೆಯ ಗೋಡೆ ನೋಡಿದವರಿಗೆಲ್ಲ ಬರುವ ಪ್ರಶ್ನೆ ಇದು. ಅಂಗಡಿಯವರು ಒಂದು ಹೇಳುತ್ತಾರೆ, ಪೇಂಟರ್ ಇನ್ನೊಂದು ಹೇಳುತ್ತಾರೆ, ಪಕ್ಕದ ಮನೆಯವರ ಅನುಭವ ಮತ್ತೊಂದು. ಎಲ್ಲರೂ ಡಬ್ಬದ ಬೆಲೆಯ ಬಗ್ಗೆಯೇ ಮಾತಾಡುತ್ತಾರೆ. ಆದರೆ ಅಡುಗೆಮನೆಯಂಥ ಚಿಕ್ಕ ಕೋಣೆಯಲ್ಲಿ ಹಣ ಹೋಗುವುದು ಡಬ್ಬಕ್ಕಲ್ಲ. ಕೂಲಿಗೆ ಮತ್ತು ಗೋಡೆ ಸಿದ್ಧ ಮಾಡುವ ಕೆಲಸಕ್ಕೆ. ಇದನ್ನು ಮೊದಲು ಲೆಕ್ಕ ಹಾಕಿ ನೋಡೋಣ. ಆಮೇಲೆ ಯಾವ ಪೇಂಟ್ ಎಂಬ ಪ್ರಶ್ನೆ ಅರ್ಧ ಸುಲಭವಾಗುತ್ತದೆ.

ಮೊದಲು ಅಳತೆ, ಆಮೇಲೆ ಅಂಗಡಿ

ಟೇಪ್ ಹಿಡಿದು ಅಳೆಯಿರಿ. ಎಂಟು ಅಡಿಗೆ ಹತ್ತು ಅಡಿ ಅಡುಗೆಮನೆ, ಎತ್ತರ ಹತ್ತು ಅಡಿ ಎಂದುಕೊಳ್ಳೋಣ. ನಾಲ್ಕು ಗೋಡೆಯ ಸುತ್ತಳತೆ 36 ಅಡಿ. ಎತ್ತರದಿಂದ ಗುಣಿಸಿದರೆ 360 ಚದರ ಅಡಿ. ಇದರಲ್ಲಿ ಬಾಗಿಲಿಗೆ 21, ಕಿಟಕಿಗೆ 12 ಕಳೆಯಿರಿ. ಅಡುಗೆ ಕಟ್ಟೆ ಎಲ್ ಆಕಾರದಲ್ಲಿದ್ದು, ಅದರ ಮೇಲೆ ಎರಡು ಅಡಿ ಟೈಲ್ಸ್ ಇದ್ದರೆ, ನೆಲದಿಂದ ಸುಮಾರು ಐದು ಅಡಿಯವರೆಗೆ ಪೇಂಟ್ ಬೇಕಾಗುವುದಿಲ್ಲ. 15 ಅಡಿ ಉದ್ದಕ್ಕೆ ಅದು 75 ಚದರ ಅಡಿ. ಉಳಿಯುವುದು 250 ಚದರ ಅಡಿ ಗೋಡೆ, 80 ಚದರ ಅಡಿ ಸೀಲಿಂಗ್. ಸಜ್ಜಾ ಇದ್ದರೆ ಅದರ ಕೆಳಭಾಗ, ಒಳಭಾಗ ಎರಡನ್ನೂ ಸೇರಿಸಿ. ಕೊಟೇಶನ್ ಕೊಡುವಾಗ ಪೇಂಟರ್ ಇದನ್ನು ಮರೆಯುವುದಿಲ್ಲ, ನೀವೂ ಮರೆಯಬೇಡಿ.

ಈಗ ಸಾಮಾನು. ಒಂದು ಲೀಟರ್ ಎಮಲ್ಷನ್ ಎರಡು ಕೋಟ್‌ಗೆ ಎಷ್ಟು ಜಾಗ ಬರುತ್ತದೆ ಎಂದು ಡಬ್ಬದ ಮೇಲೆ ಬರೆದಿರುತ್ತದೆ. ಅದು ನುಣುಪಾದ, ಚೆನ್ನಾಗಿ ಸಿದ್ಧ ಮಾಡಿದ ಗೋಡೆಯ ಲೆಕ್ಕ. ಮನೆಯ ಹಳೆ ಗೋಡೆಗೆ 80ರಿಂದ 100 ಚದರ ಅಡಿ ಎಂದು ಹಿಡಿದರೆ ಕೊನೆಯಲ್ಲಿ ಪರದಾಡುವುದು ತಪ್ಪುತ್ತದೆ. ಅಂದರೆ ನಮ್ಮ ಉದಾಹರಣೆಯ ಗೋಡೆಗೆ ಮೂರು ಲೀಟರ್, ಸೀಲಿಂಗ್‌ಗೆ ಒಂದು ಲೀಟರ್. ಬಣ್ಣ ಗೋಡೆಗೆ ಹಿಡಿಯಲೆಂದು ಮೊದಲು ಹೊಡೆಯುವ ಪ್ರೈಮರ್ ಒಂದು ಕೋಟ್‌ಗೆ ನಾಲ್ಕು ಲೀಟರಿನ ಡಬ್ಬ ಸಾಕು. ಗೋಡೆಗೆಲ್ಲ ಪುಟ್ಟಿ (ಗೋಡೆ ನುಣುಪು ಮಾಡುವ ಲೇಪ) ಎಳೆಯಬೇಕಿದ್ದರೆ ಒಂದು ಕೆಜಿಗೆ ಹತ್ತರಿಂದ ಹದಿನೈದು ಚದರ ಅಡಿ ಲೆಕ್ಕದಲ್ಲಿ 40 ಕೆಜಿಯ ಒಂದು ಚೀಲ. ಅಲ್ಲಲ್ಲಿ ತೂತು, ಬಿರುಕು ಮಾತ್ರ ಮುಚ್ಚುವುದಾದರೆ ಐದು ಕೆಜಿ ಸಾಕು.

ದರ ಊರಿಂದ ಊರಿಗೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಹಾಗಾಗಿ ಕೆಳಗಿನ ಅಂಕಿಗಳನ್ನು ಲೆಕ್ಕದ ರೀತಿ ತೋರಿಸಲು ಮಾತ್ರ ಇಟ್ಟಿದ್ದೇನೆ. ನಿಮ್ಮೂರಿನ ದರ ಹಾಕಿಕೊಳ್ಳಿ. ಇಬ್ಬರು ಪೇಂಟರ್, ನಾಲ್ಕು ದಿನ, ತಲೆಗೆ ದಿನಕ್ಕೆ 900 ರೂಪಾಯಿ ಎಂದರೆ ಕೂಲಿ 7,200. ಪ್ರೈಮರ್ 600, ಪುಟ್ಟಿ 1,000, ಉಪ್ಪುಕಾಗದ, ಬ್ರಷ್, ರೋಲರ್, ಹಾಸಲು ಪ್ಲಾಸ್ಟಿಕ್ ಎಲ್ಲ ಸೇರಿ 500. ಇನ್ನೂ ಬಣ್ಣದ ಡಬ್ಬವನ್ನೇ ಕೊಂಡಿಲ್ಲ, ಆಗಲೇ 9,300 ರೂಪಾಯಿ ಆಯಿತು.

ಇದರ ಮೇಲೆ ಡಿಸ್ಟೆಂಪರ್ ತಂದರೆ ಸುಮಾರು 500 ರೂಪಾಯಿ. ಲೀಟರಿಗೆ 250ರ ಸಾಧಾರಣ ಎಮಲ್ಷನ್ ನಾಲ್ಕು ಲೀಟರಿಗೆ 1,000. ಲೀಟರಿಗೆ 400ರ ಮಧ್ಯಮ ದರ್ಜೆಯದು 1,600. ಲೀಟರಿಗೆ 650ರ ಮೇಲ್ದರ್ಜೆಯದು 2,600. ಒಟ್ಟು ಖರ್ಚು ಕ್ರಮವಾಗಿ 9,800, 10,300, 10,900, 11,900. ಎಲ್ಲಕ್ಕಿಂತ ಅಗ್ಗದ್ದಕ್ಕೂ ಎಲ್ಲಕ್ಕಿಂತ ದುಬಾರಿಯದ್ದಕ್ಕೂ ಇರುವ ಅಂತರ ಎರಡು ಸಾವಿರ ಚಿಲ್ಲರೆ! ಇಡೀ ಮನೆಗೆ ಬಣ್ಣ ಹೊಡೆಸುವಾಗ ಡಬ್ಬದ ದರ್ಜೆ ಬಜೆಟ್ಟನ್ನು ಏರುಪೇರು ಮಾಡುತ್ತದೆ, ನಿಜ. ಅಡುಗೆಮನೆ ಒಂದಕ್ಕೇ ಆದರೆ ಅಗ್ಗದ ಡಬ್ಬದಿಂದ ಉಳಿಯುವುದು ಸ್ವಲ್ಪವೇ. ಎರಡು ವರ್ಷಕ್ಕೆ ಮತ್ತೆ ಹೊಡೆಸಬೇಕಾಗಿ ಬಂದರೆ ಅದೇ ಕೂಲಿ ಮತ್ತೊಮ್ಮೆ ಕೊಡಬೇಕು.

ಯಾವುದನ್ನು ನೋಡಿ ಆರಿಸಬೇಕು?

ಹಾಲ್‌ಗೋ ಮಲಗುವ ಕೋಣೆಗೋ ಬಣ್ಣ ಆರಿಸುವಾಗ ಅಂದ ಮೊದಲು. ಅಡುಗೆಮನೆಯಲ್ಲಿ ಹಾಗಲ್ಲ. ಇಲ್ಲಿ ಮೊದಲು ಕೇಳಬೇಕಾದದ್ದು, ಗೋಡೆಯನ್ನು ಒದ್ದೆ ಬಟ್ಟೆ, ಸೋಪಿನ ನೀರಿನಿಂದ ಒರೆಸಬಹುದಾ ಎಂದು. ದಿನಕ್ಕೆ ಎರಡು ಮೂರು ಸಲ ಒಗ್ಗರಣೆ ಹಾಕುವ ಮನೆಯಲ್ಲಿ ಎಣ್ಣೆಯ ಆವಿ ಗೋಡೆಗೆ ಅಂಟುತ್ತದೆ. ಅದರ ಮೇಲೆ ಧೂಳು ಕೂರುತ್ತದೆ. ಅರಿಶಿನದ ಕಲೆ, ಸಾರು ಸಿಡಿದ ಕಲೆ ಬೇರೆ. ಒರೆಸಲಾಗದ ಬಣ್ಣ ಎಷ್ಟೇ ಅಗ್ಗವಾದರೂ ಒಲೆಯ ಹಿಂದಿನ ಗೋಡೆಗೆ ದುಬಾರಿಯೇ.

ಎರಡನೆಯದು ತೇವ. ಕುಕ್ಕರಿನ ಆವಿ ಒಂದು ಕಡೆ. ಪಕ್ಕದ ಬಾತ್‌ರೂಮ್ ಗೋಡೆಯಿಂದ, ಸಿಂಕಿನ ಪೈಪಿನಿಂದ, ತಾರಸಿಯಿಂದ ಇಳಿಯುವ ನೀರು ಇನ್ನೊಂದು ಕಡೆ. ಆವಿಯನ್ನು ಒಳ್ಳೆ ಪೇಂಟ್ ತಡೆದುಕೊಳ್ಳುತ್ತದೆ. ಒಳಗಿಂದ ಬರುವ ನೀರನ್ನು ಯಾವ ಪೇಂಟೂ ತಡೆಯುವುದಿಲ್ಲ. ಗೋಡೆಯಲ್ಲಿ ಉಪ್ಪು ಎದ್ದಿದ್ದರೆ, ಗುಳ್ಳೆ ಇದ್ದರೆ, ಪೇಂಟರ್‌ಗಿಂತ ಮೊದಲು ಪ್ಲಂಬರ್‌ನನ್ನೋ ಗಾರೆಯವರನ್ನೋ ಕರೆಸಿ.

ಮೂರನೆಯದು, ನೀವು ಈ ಮನೆಯಲ್ಲಿ ಎಷ್ಟು ವರ್ಷ ಇರುತ್ತೀರಿ ಎಂಬುದು. ನಾಲ್ಕನೆಯದು, ಅಡುಗೆಮನೆಯನ್ನು ಎಷ್ಟು ದಿನ ಮುಚ್ಚಿಡಬಹುದು ಎಂಬುದು. ಮನೆಯಲ್ಲಿ ವಯಸ್ಸಾದವರು, ಚಿಕ್ಕ ಮಕ್ಕಳು ಇದ್ದರೆ ನಾಲ್ಕು ದಿನ ಹೊರಗಿನ ಊಟ ಎಂದರೆ ಅದೂ ಬಜೆಟ್ಟಿನ ಭಾಗವೇ, ಅಲ್ವಾ?

ಸುಣ್ಣ

ಹಳ್ಳಿಮನೆಗಳಲ್ಲಿ, ಮಣ್ಣಿನ ಗೋಡೆ ಅಥವಾ ಸುಣ್ಣದ ಗಾರೆಯ ಗೋಡೆ ಇರುವಲ್ಲಿ ಸುಣ್ಣಕ್ಕೆ ಇಂದಿಗೂ ಬೆಲೆ ಇದೆ. ಅಂಥ ಗೋಡೆ ತೇವವನ್ನು ಒಳಗೆ ಎಳೆದುಕೊಂಡು ಹೊರಗೆ ಬಿಡುತ್ತಿರುತ್ತದೆ. ಸುಣ್ಣ ಅದಕ್ಕೆ ಅಡ್ಡ ಬರುವುದಿಲ್ಲ. ಅದರ ಕ್ಷಾರಗುಣದಿಂದ ಬೂಷ್ಟು ಹಿಡಿಯುವುದೂ ಕಡಿಮೆ. ಸೌದೆ ಒಲೆಯ ಮಸಿ ಹಿಡಿದ ಗೋಡೆಗೆ ವರ್ಷಕ್ಕೊಮ್ಮೆ ಮನೆಯವರೇ ಬಳಿದುಕೊಂಡರೆ ಕೂಲಿಯೂ ಇಲ್ಲ. ಆದರೆ ಒರೆಸಲು ಆಗುವುದಿಲ್ಲ, ಮುಟ್ಟಿದರೆ ಕೈಗೆ ಹತ್ತುತ್ತದೆ. ಒಮ್ಮೆ ಎಮಲ್ಷನ್ ಹೊಡೆದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಸುಣ್ಣದ ಗೋಡೆಗೆ ಎಮಲ್ಷನ್ ಬೇಕಿದ್ದರೆ ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು. ಸಿಮೆಂಟ್ ಗೋಡೆಯ, ಗ್ಯಾಸ್ ಒಲೆಯ ಅಡುಗೆಮನೆಗೆ ನಾನು ಇದನ್ನು ಹೇಳುವುದಿಲ್ಲ.

ಡಿಸ್ಟೆಂಪರ್

ಬಾಡಿಗೆ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಇದರಲ್ಲಿ ಸೀಮೆಸುಣ್ಣದ ಪುಡಿಯ ಪಾಲು ಜಾಸ್ತಿ, ಅಂಟಿನ ಪಾಲು ಕಡಿಮೆ. ಹಾಗಾಗಿ ಅಗ್ಗ. ಅದೇ ಕಾರಣಕ್ಕೆ ಜಿಡ್ಡು ಒಳಗೆ ಇಳಿದುಬಿಡುತ್ತದೆ. ಒದ್ದೆ ಬಟ್ಟೆಯಲ್ಲಿ ಉಜ್ಜಿದರೆ ಕಲೆಯ ಜೊತೆ ಬಣ್ಣವೂ ಬರುತ್ತದೆ. ಅಕ್ರಿಲಿಕ್ ಡಿಸ್ಟೆಂಪರ್ ಸ್ವಲ್ಪ ವಾಸಿ, ಆದರೆ ಒಲೆಯ ಹಿಂದೆ ಅದೂ ನಿಲ್ಲುವುದಿಲ್ಲ.

ಇದರ ನಿಜವಾದ ಖರ್ಚು ಮುಂದಿನ ಸಲ ಬರುತ್ತದೆ. ಹಳೆ ಡಿಸ್ಟೆಂಪರ್ ಮೇಲೆ ನೇರವಾಗಿ ಎಮಲ್ಷನ್ ಹೊಡೆದರೆ ಕೆಳಗಿನ ಪುಡಿಯ ಪದರದ ಸಮೇತ ಹಕ್ಕಳೆ ಏಳುತ್ತದೆ. ಕೆರೆದು, ಪ್ರೈಮರ್ ಹೊಡೆದೇ ಮುಂದುವರಿಯಬೇಕು. ಆ ಕೆರೆಯುವ ಕೂಲಿ ಇಂದು ಉಳಿಸಿದ ಐನೂರು ರೂಪಾಯಿಗಿಂತ ಜಾಸ್ತಿ. ಸೀಲಿಂಗ್‌ಗೆ ಮಾತ್ರ ಡಿಸ್ಟೆಂಪರ್ ಸಾಕು ಎನ್ನುವವರಿದ್ದಾರೆ. ಚಿಮಣಿ ಇದ್ದು, ಒಲೆ ಕಿಟಕಿಯ ಪಕ್ಕದಲ್ಲಿದ್ದರೆ ಒಪ್ಪಬಹುದು. ಇಲ್ಲವಾದರೆ ಒಲೆಯ ನೇರ ಮೇಲಿನ ಸೀಲಿಂಗ್ ಬೇಗ ಹಳದಿಯಾಗುತ್ತದೆ.

ಎಮಲ್ಷನ್: ಸಾಧಾರಣ, ಮಧ್ಯಮ, ಮೇಲ್ದರ್ಜೆ

ಇವೆಲ್ಲ ನೀರಿನಲ್ಲಿ ಕಲಸುವ ಪೇಂಟ್‌ಗಳೇ. ವ್ಯತ್ಯಾಸ ಇರುವುದು ಒಳಗಿನ ಅಕ್ರಿಲಿಕ್ ಅಂಟಿನ ಪ್ರಮಾಣದಲ್ಲಿ. ಅದು ಹೆಚ್ಚಿದಷ್ಟೂ ಒಣಗಿದ ಪದರ ಬಿಗಿಯಾಗುತ್ತದೆ, ಕಲೆ ಒಳಗಿಳಿಯುವುದಿಲ್ಲ. ಸಾಧಾರಣ ಎಮಲ್ಷನ್ ಅನ್ನು ಮೆಲ್ಲಗೆ ಒರೆಸಬಹುದು, ಉಜ್ಜಲಾಗದು. ಮಧ್ಯಮ ದರ್ಜೆಯದನ್ನು ಸೋಪಿನ ನೀರಿನಿಂದ ಆಗಾಗ ಒರೆಸಿದರೂ ತಡೆಯುತ್ತದೆ. ಮೇಲ್ದರ್ಜೆಯದರಲ್ಲಿ ಅರಿಶಿನ, ಕಾಫಿ ಕಲೆ ಬಿದ್ದ ತಕ್ಷಣ ಒರೆಸಿದರೆ ಬಹುಪಾಲು ಹೋಗುತ್ತದೆ. ಒಣಗಲು ಬಿಟ್ಟರೆ ಅರಿಶಿನದ ಗುರುತು ಅದರಲ್ಲೂ ಉಳಿಯಬಹುದು.

ಇಲ್ಲಿ ದರ್ಜೆಯಷ್ಟೇ ಮುಖ್ಯವಾದದ್ದು ಹೊಳಪು. ಪೂರ್ತಿ ಮ್ಯಾಟ್ ನೋಡಲು ಚಂದ, ಗೋಡೆಯ ಏರುತಗ್ಗನ್ನೂ ಮುಚ್ಚುತ್ತದೆ. ಆದರೆ ಉಜ್ಜಿದ ಜಾಗ ಬೇರೆಯಾಗಿ ಕಾಣುತ್ತದೆ. ಸ್ವಲ್ಪ ಮಿರುಗುವ ಸ್ಯಾಟಿನ್ ಅಥವಾ ಸಾಫ್ಟ್ ಶೀನ್ ಬಗೆಯದು ಅಡುಗೆಮನೆಗೆ ಸರಿ. ಜಿಡ್ಡು ಅದರ ಮೇಲೆ ಸುಲಭವಾಗಿ ಕೂರುವುದಿಲ್ಲ, ಕೂತರೂ ಬಿಡುತ್ತದೆ. ಅದರ ತೊಂದರೆ ಒಂದೇ. ಪುಟ್ಟಿ ಸರಿಯಾಗಿ ಎಳೆಯದಿದ್ದರೆ ಬೆಳಕು ಬಿದ್ದಾಗ ಗೋಡೆಯ ಒಂದೊಂದು ಉಬ್ಬೂ ಕಾಣುತ್ತದೆ.

ಸ್ವಂತ ಮನೆ, ಹೆಚ್ಚು ಹುರಿಯುವ ಕರಿಯುವ ಅಡುಗೆ ಇಲ್ಲ, ಎಕ್ಸಾಸ್ಟ್ ಫ್ಯಾನ್ ಇದೆ ಎಂದಾದರೆ ಮಧ್ಯಮ ದರ್ಜೆಯ ಸ್ಯಾಟಿನ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಎಕ್ಸಾಸ್ಟ್ ಫ್ಯಾನೇ ಇಲ್ಲದ ಅಡುಗೆಮನೆಗೆ ಮೇಲ್ದರ್ಜೆಯ ಪೇಂಟ್ ಹೊಡೆಸುವ ಬದಲು, ಆ ಹೆಚ್ಚಿನ ಹಣವನ್ನು ಫ್ಯಾನ್‌ಗೆ ಹಾಕಿ. ಗೋಡೆಗೆ ಅಂಟುವ ಆವಿಯೇ ಕಡಿಮೆಯಾದರೆ ಸಾಧಾರಣ ಬಣ್ಣವೂ ಹೆಚ್ಚು ದಿನ ಬಾಳುತ್ತದೆ.

ಆಯಿಲ್ ಪೇಂಟ್, ಅಂದರೆ ಎನಾಮೆಲ್

ನಮ್ಮ ಅಮ್ಮಂದಿರ ಕಾಲದ ಅಡುಗೆಮನೆಗಳಲ್ಲಿ ಎದೆ ಎತ್ತರದವರೆಗೆ ತಿಳಿ ಹಸಿರೋ ನೀಲಿಯೋ ಆಯಿಲ್ ಪೇಂಟ್ ಇರುತ್ತಿತ್ತು. ಅದಕ್ಕೆ ಸರಿಯಾದ ಕಾರಣವೂ ಇತ್ತು. ಉಜ್ಜಿ ತೊಳೆಯಲು ಅದಕ್ಕಿಂತ ಗಟ್ಟಿಯಾದದ್ದು ಆಗ ಸುಲಭಕ್ಕೆ ಸಿಗುತ್ತಿರಲಿಲ್ಲ. ಇಂದಿಗೂ ಒಲೆಯ ಹಿಂದಿನ ಗೋಡೆಗೆ ಟೈಲ್ಸ್ ಹಾಕಿಸಲು ಆಗದವರಿಗೆ ಇದು ಒಳ್ಳೆಯ ಆಯ್ಕೆಯೇ.

ಆದರೆ ನಾಲ್ಕು ಗೋಡೆಗೂ ಇದನ್ನೇ ಹೊಡೆಸಬೇಡಿ. ಆಯಿಲ್ ಪೇಂಟ್ ಗೋಡೆಯನ್ನು ಪೂರ್ತಿ ಮುಚ್ಚಿಬಿಡುತ್ತದೆ. ಒಳಗೆ ತೇವ ಇದ್ದರೆ ಹೊರಬರಲು ದಾರಿ ಇಲ್ಲದೆ ಗುಳ್ಳೆ ಏಳುತ್ತದೆ. ಬಿಳಿ, ಕೆನೆ ಬಣ್ಣಗಳು, ಅದರಲ್ಲೂ ಬೆಳಕು ಕಡಿಮೆ ಇರುವಲ್ಲಿ, ವರ್ಷ ಕಳೆದಂತೆ ಹಳದಿಯಾಗುತ್ತವೆ. ಹೊಸ ಗಾರೆಯ ಗೋಡೆಗಂತೂ ಬೇಡವೇ ಬೇಡ. ಸಿಮೆಂಟಿನ ಕ್ಷಾರ ಎಣ್ಣೆಯ ಅಂಶವನ್ನು ಸೋಪಿನಂತೆ ಮಾಡಿ ಪದರವನ್ನೇ ಮೆತ್ತಗೆ ಮಾಡಿಬಿಡುತ್ತದೆ. ವಾಸನೆ ದಿನಗಟ್ಟಲೆ ಹೋಗುವುದಿಲ್ಲ. ಬೆರೆಸುವ ಟರ್ಪೆಂಟೈನ್ ಬೆಂಕಿ ಹಿಡಿಯುವ ವಸ್ತು. ಕೆಲಸ ನಡೆಯುವಾಗ ಸಿಲಿಂಡರ್ ಹೊರಗಿಡಿ. ವಾಸನೆ ಪೂರ್ತಿ ಹೋಗುವ ತನಕ ಒಲೆ ಹಚ್ಚಬೇಡಿ. ಇದು ಬರೀ ಎಚ್ಚರಿಕೆಯ ಮಾತಲ್ಲ, ಜೀವದ ಪ್ರಶ್ನೆ.

ಈಗ ನೀರಿನಲ್ಲಿ ಕಲಸುವ ಎನಾಮೆಲ್ ಕೂಡ ಸಿಗುತ್ತದೆ. ವಾಸನೆ ಕಡಿಮೆ, ಬೇಗ ಒಣಗುತ್ತದೆ, ಹಳದಿಯಾಗುವುದೂ ಕಡಿಮೆ. ಬೆಲೆ ಜಾಸ್ತಿ, ಆದರೆ ಒಲೆಯ ಗೋಡೆಗೆ ಒಂದು ಲೀಟರ್ ಸಾಕಾಗುವುದರಿಂದ ಜೇಬಿಗೆ ಅಷ್ಟೇನೂ ಭಾರ ಅನಿಸುವುದಿಲ್ಲ. ಮಕ್ಕಳಿರುವ ಮನೆಗೆ, ಬೇಗ ಅಡುಗೆ ಶುರು ಮಾಡಬೇಕಾದವರಿಗೆ ನಾನು ಇದನ್ನೇ ಹೇಳುತ್ತೇನೆ.

ಹಳೆ ಆಯಿಲ್ ಪೇಂಟ್ ಕೆರೆಯುವಾಗ ಒಂದು ಮಾತು ನೆನಪಿಡಿ. ಮನೆ ಬಳಕೆಯ ಪೇಂಟ್‌ಗಳಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಎಂಬ ನಿಯಮವನ್ನು ಕೇಂದ್ರ ಸರ್ಕಾರ 2016ರಲ್ಲಿ ತಂದಿತು. 2017ರ ನವೆಂಬರ್ 1ರಿಂದ ಅದು ಜಾರಿಗೆ ಬಂತು. ಅದಕ್ಕೂ ಹಿಂದಿನ ಪೇಂಟ್‌ನಲ್ಲಿ ಸೀಸ ಜಾಸ್ತಿ ಇರಬಹುದು. ಒಣ ಉಪ್ಪುಕಾಗದದಲ್ಲಿ ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಾಕಿಕೊಂಡು ಉಜ್ಜಿಸಿ. ಆ ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಮನೆಯಿಂದ ದೂರ ಇಡಿ. ಪಾತ್ರೆ ಪಗಡ, ದಿನಸಿ ಡಬ್ಬಗಳನ್ನೆಲ್ಲ ಹೊರಗೆ ಸಾಗಿಸಿ.

ಒಲೆಯ ಹಿಂದೆ ಟೈಲ್ಸ್

ಅಡುಗೆಮನೆಯ ನಾಲ್ಕೂ ಗೋಡೆ ಒಂದೇ ರೀತಿ ಕೊಳೆಯಾಗುವುದಿಲ್ಲ. ಒಲೆಯ ಹಿಂದೆ, ಅದರ ಅಕ್ಕಪಕ್ಕ ಎರಡು ಅಡಿ, ಅಲ್ಲಿಂದ ಮೇಲಕ್ಕೆ ಸೀಲಿಂಗಿನವರೆಗೆ. ಮುಕ್ಕಾಲು ಪಾಲು ಜಿಡ್ಡು ಕೂರುವುದು ಇಲ್ಲೇ. ಫ್ರಿಜ್ ಇರುವ ಗೋಡೆ, ಬಾಗಿಲಿನ ಗೋಡೆ ವರ್ಷಗಟ್ಟಲೆ ಹಾಗೇ ಇರುತ್ತವೆ. ಹಾಗಿರುವಾಗ ನಾಲ್ಕಕ್ಕೂ ಒಂದೇ ದುಬಾರಿ ಪೇಂಟ್ ಯಾಕೆ?

ಈಗಿರುವ ಎರಡು ಅಡಿ ಟೈಲ್ಸ್ ಮೇಲೆ ನಾಲ್ಕು ಅಡಿ ಅಗಲ, ಐದು ಅಡಿ ಎತ್ತರ ಟೈಲ್ಸ್ ಏರಿಸಿದರೆ 20 ಚದರ ಅಡಿ. ಟೈಲ್ಸ್, ಅಂಟು, ಗಾರೆಯವರ ಒಂದು ದಿನದ ಕೂಲಿ ಸೇರಿ ಎರಡೂವರೆ, ಮೂರು ಸಾವಿರದ ಲೆಕ್ಕ ಇಟ್ಟುಕೊಳ್ಳಿ. ಹಳೆ ಪೇಂಟ್ ಮೇಲೆ ಹಾಗೇ ಅಂಟಿಸಿದರೆ ಕಳಚಿ ಬೀಳುತ್ತದೆ, ಗೋಡೆಗೆ ಕೊಚ್ಚು ಹಾಕಿಸಲೇಬೇಕು. ಒಮ್ಮೆ ಆದರೆ ಆ ಜಾಗಕ್ಕೆ ಮತ್ತೆ ಪೇಂಟಿನ ಚಿಂತೆ ಇಲ್ಲ. ಉಳಿದ ಗೋಡೆಗೆ ಸಾಧಾರಣ ಎಮಲ್ಷನ್ ಹೊಡೆಸಿದರೂ ನಡೆಯುತ್ತದೆ. ಸ್ವಂತ ಮನೆಯವರಿಗೆ, ಹತ್ತು ವರ್ಷದ ಲೆಕ್ಕದಲ್ಲಿ, ನನ್ನ ಮೊದಲ ಆಯ್ಕೆ ಇದೇ. ಇಂದು ಕೈಯಲ್ಲಿ ಹಣ ಕಡಿಮೆ ಇದ್ದರೆ ಅದೇ 20 ಚದರ ಅಡಿಗೆ ನೀರಿನ ಎನಾಮೆಲ್ ಹೊಡೆಸಿ, ಟೈಲ್ಸ್ ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ.

ಎಲ್ಲಿ ಉಳಿಸಬಾರದು

ಜಿಡ್ಡು ತೊಳೆಯುವ ಕೆಲಸದಲ್ಲಿ. ಎಣ್ಣೆ ಅಂಟಿದ ಗೋಡೆಯ ಮೇಲೆ ಯಾವ ಪ್ರೈಮರೂ ಹಿಡಿಯುವುದಿಲ್ಲ. ಪೇಂಟರ್ ಬರುವ ಹಿಂದಿನ ದಿನ ನೀವೇ ಬಿಸಿನೀರಿಗೆ ವಾಷಿಂಗ್ ಸೋಡಾ ಅಥವಾ ಪಾತ್ರೆ ಸೋಪು ಹಾಕಿ, ಕೈಗೆ ಗ್ಲೌಸ್ ಹಾಕಿಕೊಂಡು ಉಜ್ಜಿ. ಆಮೇಲೆ ಒಳ್ಳೆ ನೀರಿನಲ್ಲಿ ಎರಡು ಸಲ ಒರೆಸಿ, ಒಣಗಲು ಬಿಡಿ. ಇದಕ್ಕೆ ಖರ್ಚೇ ಇಲ್ಲ. ಬಣ್ಣದ ಆಯುಸ್ಸು ಹೆಚ್ಚಿಸುವಲ್ಲಿ ಇದರಷ್ಟು ಪರಿಣಾಮ ಬೇರೆ ಯಾವುದಕ್ಕೂ ಇಲ್ಲ.

ಪ್ರೈಮರ್ ಕೋಟ್ ಬಿಡಬೇಡಿ. ಪುಟ್ಟಿಯಲ್ಲಿ ಬೇಕಾದರೆ ಉಳಿಸಬಹುದು. ಗೋಡೆ ನುಣುಪಾಗಿದ್ದರೆ ಅಲ್ಲಲ್ಲಿ ತೇಪೆ ಹಾಕಿದರೆ ಸಾಕು, ಎಲ್ಲ ಕಡೆ ಎಳೆಯಬೇಕಿಲ್ಲ. ಹೀಗೆ ಮಾಡಿದರೆ ಒಂದು ದಿನದ ಕೂಲಿ, ಮುಕ್ಕಾಲು ಚೀಲ ಪುಟ್ಟಿ ಉಳಿಯುತ್ತದೆ. ಉಳಿತಾಯ ಬೇಕಿದ್ದರೆ ಇಲ್ಲಿ ಹುಡುಕಿ. ಹೊಸ ಗಾರೆಯಾಗಿದ್ದರೆ ಕನಿಷ್ಠ 28 ದಿನ ಬಿಟ್ಟು ಪೇಂಟ್ ಶುರು ಮಾಡಿ.

ಕೂಲಿಯಾ, ಗುತ್ತಿಗೆಯಾ?

ಸಾಮಾನು ಸಮೇತ ಚದರ ಅಡಿ ಲೆಕ್ಕದ ಗುತ್ತಿಗೆ ಕೊಟ್ಟರೆ ತಲೆನೋವು ಕಡಿಮೆ. ಆದರೆ ಯಾವ ಪೇಂಟ್, ಎಷ್ಟು ಕೋಟ್, ಪುಟ್ಟಿ ಎಲ್ಲೆಲ್ಲಿ ಎಂಬುದನ್ನು ಬರೆಸಿಕೊಳ್ಳಬೇಕು. ಅಡುಗೆಮನೆ ಒಂದೇ ಆದರೆ ಗುತ್ತಿಗೆದಾರರಿಗೆ ಅದು ಚಿಕ್ಕ ಕೆಲಸ, ಚದರ ಅಡಿ ದರ ಏರಿಸಿ ಹೇಳುವುದೂ ಉಂಟು. ಇಂಥಲ್ಲಿ ಸಾಮಾನು ನೀವೇ ತಂದು, ಕೂಲಿಯನ್ನು ಮಾತ್ರ ಇಡೀ ಕೆಲಸಕ್ಕೆ ಇಷ್ಟು ಎಂದು ಮಾತಾಡುವುದು ಒಳ್ಳೆಯದು. ದಿನಗೂಲಿ ಎಂದರೆ ಕೆಲಸ ಎಳೆಯುವ ಸಾಧ್ಯತೆ ಇರುತ್ತದೆ. ಒಟ್ಟು ಮೊತ್ತ ಎಂದರೆ ಒಣಗುವ ಮೊದಲೇ ಮುಂದಿನ ಕೋಟ್ ಹೊಡೆದು ಮುಗಿಸುವ ಸಾಧ್ಯತೆ ಇರುತ್ತದೆ. ಎರಡನೆಯದಕ್ಕೆ ಮದ್ದು ಸುಲಭ. ಪ್ರತಿ ಕೋಟ್ ಆದ ಮೇಲೆ ನೀವು ನೋಡಿ ಒಪ್ಪಿದ ನಂತರವೇ ಮುಂದಿನದು ಎಂದು ಮೊದಲೇ ಹೇಳಿಬಿಡಿ. ಪೇಂಟ್‌ಗೆ ಎಷ್ಟು ನೀರು ಬೆರೆಸಬೇಕೆಂದು ಡಬ್ಬದ ಮೇಲಿರುತ್ತದೆ. ಅದಕ್ಕಿಂತ ಜಾಸ್ತಿ ಬೆರೆಸಿದರೆ ಮೇಲ್ದರ್ಜೆಯ ಎಮಲ್ಷನ್ ಕೂಡ ಡಿಸ್ಟೆಂಪರಿನಂತೆ ಆಗುತ್ತದೆ.

ಪೇಂಟ್ ಮೇಲಿನ ಜಿಎಸ್‌ಟಿ 18 ಶೇಕಡಾ. 2018ರ ಜುಲೈಗಿಂತ ಮೊದಲು ಅದು 28 ಇತ್ತು. ಅಂಗಡಿಯ ದರ ಕೇಳುವಾಗ ತೆರಿಗೆ ಸೇರಿಸಿಯೋ ಬಿಟ್ಟೋ ಎಂದು ವಿಚಾರಿಸಿ.

ಯಾರಿಗೆ ಯಾವುದು

ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಇರುವವರು ಮೊದಲು ಕರಾರುಪತ್ರ ತೆಗೆದು ನೋಡಿ. ಮನೆ ಬಿಡುವಾಗ ಪೇಂಟಿಂಗ್‌ಗೆಂದು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವ ರೂಢಿ ಅಲ್ಲಿದೆ. ಹಾಗಿದ್ದರೆ ನೀವು ಈಗ ಮಾಡುವ ಖರ್ಚು ವಾಪಸು ಬರುವುದಿಲ್ಲ. ಒಲೆಯ ಗೋಡೆಯೊಂದನ್ನು ತೊಳೆದು, ಮಾಲೀಕರನ್ನು ಕೇಳಿ, ಒಂದು ಲೀಟರ್ ಎಮಲ್ಷನ್ ತಂದು ನೀವೇ ಹೊಡೆದುಕೊಳ್ಳಿ. ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ಮನೆ ಬಾಡಿಗೆಗೆ ಕೊಡುವವರು ಡಿಸ್ಟೆಂಪರ್ ಬಿಟ್ಟು ಸಾಧಾರಣ ಎಮಲ್ಷನ್‌ಗೆ ಬನ್ನಿ. ಬಾಡಿಗೆದಾರರು ಬದಲಾದಾಗ ಕೆರೆಯುವ ಕೂಲಿ ಉಳಿಯುತ್ತದೆ.

ಕರಾವಳಿ, ಮಲೆನಾಡಿನವರು ಮಳೆಗಾಲದಲ್ಲಿ ಈ ಕೆಲಸಕ್ಕೆ ಕೈ ಹಾಕಬೇಡಿ. ಗೋಡೆ ಒಣಗುವುದಿಲ್ಲ, ಕೋಟಿನ ಮೇಲೆ ಕೋಟ್ ತೇವವನ್ನೇ ಮುಚ್ಚುತ್ತದೆ. ಸಿಮೆಂಟ್ ಗೋಡೆಗೆ ಬೂಷ್ಟು ತಡೆಯುವ ಎಮಲ್ಷನ್ ಕೇಳಿ ತೆಗೆದುಕೊಳ್ಳಿ. ಅಲ್ಲಿ ಆಯಿಲ್ ಪೇಂಟ್ ಒಲೆಯ ಗೋಡೆಗೂ ಬೇಡ, ಟೈಲ್ಸೇ ವಾಸಿ.

ಸ್ವಂತ ಮನೆ, ಕೈಯಲ್ಲಿ ಐದು ಸಾವಿರ ಮಾತ್ರ ಇದೆಯಾ? ಸೀಲಿಂಗ್, ಬಾಗಿಲಿನ ಗೋಡೆ ಬಿಡಿ. ಒಲೆಯ ಗೋಡೆ, ಸಿಂಕಿನ ಗೋಡೆ ಎರಡಕ್ಕೆ ತೇಪೆ ಪುಟ್ಟಿ, ಪ್ರೈಮರ್, ಮಧ್ಯಮ ಎಮಲ್ಷನ್ ಹೊಡೆಸಿ. ಒಬ್ಬರೇ ಪೇಂಟರ್ ಮೂರು ದಿನದಲ್ಲಿ ಮುಗಿಸುತ್ತಾರೆ. ಹತ್ತು ಹನ್ನೊಂದು ಸಾವಿರ ಇದ್ದರೆ ನಾಲ್ಕೂ ಗೋಡೆಗೆ ಮಧ್ಯಮ ಸ್ಯಾಟಿನ್, ಸೀಲಿಂಗ್‌ಗೆ ಸಾಧಾರಣ ಬಿಳಿ. ಹದಿನಾಲ್ಕು ಸಾವಿರದವರೆಗೆ ಹೋಗಬಹುದಾದರೆ ಒಲೆಯ ಹಿಂದೆ ಟೈಲ್ಸ್ ಏರಿಸಿ, ಉಳಿದದ್ದಕ್ಕೆ ಸಾಧಾರಣ ಅಥವಾ ಮಧ್ಯಮ ಎಮಲ್ಷನ್. ಮೇಲ್ದರ್ಜೆಯ ಪೇಂಟ್ ಬೇಕೆನಿಸುವವರು ಅದನ್ನು ಟೈಲ್ಸ್ ಆದ ನಂತರ ಯೋಚಿಸಿ.

ಯಾವುದನ್ನೇ ಆರಿಸಿದರೂ ಹತ್ತರಲ್ಲಿ ಒಂದು ಪಾಲು ಹಣ ಪಕ್ಕಕ್ಕಿಡಿ. ಕೆರೆಯಲು ಶುರು ಮಾಡಿದ ಮೇಲೆ ಗಾರೆ ಉದುರುವುದು, ಸ್ವಿಚ್ ಬೋರ್ಡಿನ ಹಿಂದೆ ಬಿರುಕು ಕಾಣುವುದು ಸಾಮಾನ್ಯ. ದೀಪಾವಳಿಗೆ ಬಣ್ಣ ಬೇಕಿದ್ದರೆ ಮಹಾನವಮಿಗೂ ಮೊದಲೇ ಪೇಂಟರ್‌ಗೆ ಹೇಳಿಡಿ, ಆಮೇಲೆ ಕೈಗೆ ಸಿಗುವುದಿಲ್ಲ, ಸಿಕ್ಕವರ ದರವೂ ಏರಿರುತ್ತದೆ. ಕೆಲಸ ಮುಗಿದ ದಿನ ಉಳಿದ ಪೇಂಟ್ ಚೆಲ್ಲಬೇಡಿ. ಶೇಡ್ ನಂಬರ್ ಇರುವ ಚೀಟಿಯನ್ನು ಡಬ್ಬಕ್ಕೇ ಅಂಟಿಸಿ, ಮುಚ್ಚಳ ಬಿಗಿಯಾಗಿ ಹಾಕಿ ಸಜ್ಜಾದ ಮೇಲಿಡಿ. ಮೊಳೆ ಕಿತ್ತ ಜಾಗ, ಕುಕ್ಕರ್ ಸಿಡಿದ ಕಲೆ ಮುಚ್ಚಲು ಅರ್ಧ ಲೀಟರ್ ಇದ್ದರೂ ಸಾಕು.